ಹಳೆಯ ಕಾರಿನ ಬೆಲ್ಟು ಚೀರಿದಾಗ: ಸದ್ದಿನ ಮೂಲ ಹುಡುಕಿ ಸರಿಪಡಿಸುವ ಕ್ರಮ

ಮಳೆಗಾಲದ ಮುಂಜಾನೆ ಧಾರವಾಡದ ಯಾವುದೇ ಹಳೆಯ ಬಡಾವಣೆಯಲ್ಲಿ ನಿಂತು ಕೇಳಿದರೆ, ಹದಿನೈದು ವರ್ಷ ದಾಟಿದ ಕಾರೊಂದು ಚಾಲೂ ಆಗುತ್ತಲೇ ‘ಚೀಂ’ ಎಂದು ಕಿವಿ ಕೊರೆಯುವ ಸದ್ದು ಮಾಡಿ, ಅರ್ಧ ನಿಮಿಷದೊಳಗೆ ತಾನಾಗಿಯೇ ಸುಮ್ಮನಾಗುವುದು ಕೇಳಿಸುತ್ತದೆ. ಸದ್ದು ನಿಂತಿತಲ್ಲ ಎಂದು ಮಾಲೀಕರು ಗಾಡಿಯನ್ನು ಹೊರಡಿಸುತ್ತಾರೆ. ಮರುದಿನ ಮತ್ತೆ ಅದೇ ಸದ್ದು. ಆ ಸದ್ದಿಗೆ ಸಾಮಾನ್ಯವಾಗಿ ಅರ್ಥ ಒಂದೇ ಆಗಿರುತ್ತದೆ: ಎಂಜಿನ್ನಿನ ಪಕ್ಕದಲ್ಲಿ ಸುತ್ತುವ ಬೆಲ್ಟು ಪುಲ್ಲಿಯ (ಬೆಲ್ಟು ಕೂರುವ, ತೋಡುಳ್ಳ ಚಕ್ರದ) ಮೇಲೆ ಹಿಡಿತ ತಪ್ಪಿ ಜಾರುತ್ತಿದೆ. ಅದು ಏಕೆ ಜಾರುತ್ತಿದೆ ಎಂಬುದಕ್ಕೆ ಮಾತ್ರ ಉತ್ತರಗಳು ಹಲವು, ಮತ್ತು ಅವುಗಳಲ್ಲಿ ಬಹುಪಾಲು ಬೆಲ್ಟಿನ ಹೊರಗೆ ಇರುತ್ತವೆ. ಆದ್ದರಿಂದ ಹೊಸ ಬೆಲ್ಟು ತರುವುದಕ್ಕಿಂತ ಮೊದಲು ಅರ್ಧ ದಿನ ವ್ಯಯಿಸಿ ಕಾರಣವನ್ನು ಹುಡುಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಹುಡುಕಾಟವನ್ನು ಮನೆಯಂಗಳದಲ್ಲಿಯೇ ಮಾಡುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ನಮ್ಮ ಕಡೆ ಇದನ್ನು ಈಗಲೂ ‘ಫ್ಯಾನ್ ಬೆಲ್ಟ್’ ಎಂದೇ ಕರೆಯುತ್ತಾರೆ. ಅಂಬಾಸಿಡರ್ ಮತ್ತು ಹಳೆಯ ಜೀಪುಗಳಲ್ಲಿ ರೇಡಿಯೇಟರಿನ ಫ್ಯಾನು ಈ ಬೆಲ್ಟಿನಿಂದಲೇ ತಿರುಗುತ್ತಿದ್ದುದರಿಂದ ಆ ಹೆಸರು ಬಂತು. 1983ರಲ್ಲಿ ರಸ್ತೆಗೆ ಬಂದು 2014ರವರೆಗೆ ತಯಾರಾದ ಮಾರುತಿ 800ರಲ್ಲಿ ಫ್ಯಾನಿಗೆ ಪ್ರತ್ಯೇಕ ವಿದ್ಯುತ್ ಮೋಟರ್ ಇದೆ. ಆದರೂ ಹೆಸರು ಹಾಗೆಯೇ ಉಳಿದುಕೊಂಡಿತು. ಈ ಕಾರಿನಲ್ಲಿ ಬೆಲ್ಟು, ಎಂಜಿನ್ನೇ ತಿರುಗಿಸುವ ಕ್ರ್ಯಾಂಕ್ ಪುಲ್ಲಿಯಿಂದ ಶಕ್ತಿ ಪಡೆದು ಎರಡು ಕೆಲಸ ಮಾಡುತ್ತದೆ: ಒಂದು, ಮಿಸ್ತ್ರಿಗಳು ಇಂದಿಗೂ ‘ಡೈನಮೋ’ ಎನ್ನುವ ಆಲ್ಟರ್ನೇಟರನ್ನು ತಿರುಗಿಸಿ ಬ್ಯಾಟರಿಗೆ ಚಾರ್ಜು ಕೊಡುವುದು, ಇನ್ನೊಂದು, ವಾಟರ್ ಪಂಪನ್ನು ತಿರುಗಿಸಿ, ಎಂಜಿನ್ನನ್ನು ತಂಪಾಗಿಡುವ ಕೂಲಂಟ್ ದ್ರವ ಅದರಲ್ಲಿ ಹರಿಯುವಂತೆ ಮಾಡುವುದು. ಏಸಿ ಇರುವ ಗಾಡಿಗೆ ಅದರ ಕಂಪ್ರೆಸರಿಗೆಂದು ಸಾಮಾನ್ಯವಾಗಿ ಬೇರೊಂದು ಬೆಲ್ಟು, ಪವರ್ ಸ್ಟೀರಿಂಗ್ ಇರುವ ಕೆಲವು ಗಾಡಿಗಳಲ್ಲಿ ಅದರ ಪಂಪಿಗೆ ಮತ್ತೊಂದು ಇರುತ್ತದೆ. ಇವೆಲ್ಲ ಹೊರಗೆ ಕಾಣುವ ಬೆಲ್ಟುಗಳು. ಪ್ಲಾಸ್ಟಿಕ್ ಅಥವಾ ತಗಡಿನ ಮುಚ್ಚಳದ ಒಳಗೆ ಅಡಗಿರುವ ಹಲ್ಲಿನ ಬೆಲ್ಟು ಟೈಮಿಂಗ್ ಬೆಲ್ಟು. ಅದಕ್ಕೂ ಈ ಬರಹಕ್ಕೂ ಸಂಬಂಧವಿಲ್ಲ, ಅನುಭವವಿಲ್ಲದವರು ಅದನ್ನು ಮುಟ್ಟಲೂ ಬಾರದು.

ಹಳೆಯ ಗಾಡಿಗಳ ಬೆಲ್ಟುಗಳಲ್ಲಿ ಎರಡು ಬಗೆ ಇವೆ. ಒಂದು ‘ವಿ’ ಬೆಲ್ಟು. ಅದರ ಅಡ್ಡಕೊಯ್ತ ಬೆಣೆಯ ಆಕಾರದಲ್ಲಿರುತ್ತದೆ ಮತ್ತು ಅದು ಪುಲ್ಲಿಯ ತೋಡಿನ ಎರಡು ಪಕ್ಕಗಳಿಗೆ ಒತ್ತಿಕೊಂಡು ಹಿಡಿತ ಪಡೆಯುತ್ತದೆ. ಅದರ ತಳವು ತೋಡಿನ ತಳಕ್ಕೆ ತಾಗಲೇಬಾರದು, ತಾಗಿದರೆ ಬೆಣೆಯ ಹಿಡಿತ ಹೋಗಿ ಎಷ್ಟು ಬಿಗಿ ಮಾಡಿದರೂ ಬೆಲ್ಟು ಜಾರುತ್ತದೆ. ಇನ್ನೊಂದು ಬಗೆಯಲ್ಲಿ ಪಟ್ಟಿ ಅಗಲವಾಗಿದ್ದು, ಒಳಮೈಯಲ್ಲಿ ಉದ್ದಕ್ಕೂ ನಾಲ್ಕು, ಐದು ಅಥವಾ ಆರು ಏಣುಗಳಿರುತ್ತವೆ. ಈ ವ್ಯತ್ಯಾಸವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಹೇಳುವ ಪರೀಕ್ಷೆಗಳಲ್ಲಿ ಕೆಲವು ಒಂದು ಬಗೆಗೆ ಮಾತ್ರ ಸಲ್ಲುತ್ತವೆ.

ಬೆಲ್ಟು ಚೀರಿದರೆ ಏನಾದರೂ ಸವರಬೇಕು ಎಂಬ ರೂಢಿ ನಮ್ಮಲ್ಲಿ ಆಳವಾಗಿ ಬೇರೂರಿದೆ. ಹಿಟ್ಟಿನ ಗಿರಣಿ ಕಂಡವರಿಗೆ ಇದರ ಹಿನ್ನೆಲೆ ಹೊಳೆಯುತ್ತದೆ. ಗಿರಣಿಯ ಅಗಲವಾದ ಚಪ್ಪಟೆ ಪಟ್ಟಾ ಜಾರತೊಡಗಿದರೆ ಅದಕ್ಕೆ ರಾಳವನ್ನೋ ಅಂಟಿನಂತಹ ಪೇಸ್ಟನ್ನೋ ಹಚ್ಚುವ ಪದ್ಧತಿ ಇತ್ತು, ಮತ್ತು ಚರ್ಮ ಅಥವಾ ಕ್ಯಾನ್ವಾಸಿನ ಚಪ್ಪಟೆ ಪಟ್ಟಾಕ್ಕೆ ಅದು ತಕ್ಕ ಉಪಾಯವೇ ಆಗಿತ್ತು. ಅದೇ ಕೈ ಮುಂದೆ ಕಾರಿನ ಬಾನೆಟ್ಟಿನ ಕೆಳಗೂ ಬಂತು: ಸಾಬೂನು ಉಜ್ಜುವುದು, ಮುಖದ ಪೌಡರು ಉದುರಿಸುವುದು, ಮೇಣ ಹಚ್ಚುವುದು, ಡಬ್ಬಿಯ ಸ್ಪ್ರೇ ಹೊಡೆಯುವುದು. ಇವುಗಳಿಂದ ಸದ್ದು ನಿಲ್ಲುವುದುಂಟು, ಕೆಲವೊಮ್ಮೆ ವಾರವಿಡೀ ನಿಲ್ಲುತ್ತದೆ. ಆದರೆ ಕಾರಿನ ರಬ್ಬರ್ ಬೆಲ್ಟಿಗೆ ಹಿಡಿತ ಸಿಗುವುದು ರಬ್ಬರು ಮತ್ತು ಲೋಹ ನೇರವಾಗಿ ಒಂದಕ್ಕೊಂದು ಒತ್ತಿಕೊಂಡಾಗ. ನಡುವೆ ಬಂದ ಯಾವುದೇ ಪದರ ಧೂಳನ್ನು ಹಿಡಿದುಕೊಂಡು ಮಣ್ಣಿನ ಪಾಕವಾಗುತ್ತದೆ, ಎಣ್ಣೆಯ ಅಂಶವಿದ್ದರೆ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಅಂಟು ಸ್ಪ್ರೇ ಹೊಡೆದ ಬೆಲ್ಟನ್ನು ತೆಗೆದು ನೋಡಿದರೆ ಅದರ ಪಕ್ಕಗಳಲ್ಲಿ ಮರಳು ಕಾಗದದಂತೆ ಧೂಳು ಕುಳಿತಿರುವುದು ಕಾಣುತ್ತದೆ.

ನನ್ನ ಸ್ವಂತ ಅನುಭವ ಇದನ್ನು ಕಲಿಸಿತು. ನನ್ನ ಮಾರುತಿ 800 ಒಂದು ಮಳೆಗಾಲ ಪೂರ್ತಿ ಮುಂಜಾನೆ ಚೀರುತ್ತಿತ್ತು. ಗ್ಯಾರೇಜಿನಲ್ಲಿ ತೋರಿಸಿದಾಗ ಮಿಸ್ತ್ರಿ ಬಾನೆಟ್ ಎತ್ತಿ, “ಸರ, ಬೆಲ್ಟ್ ಲೂಸ್ ಆಗೈತ್ರಿ, ಹೊಸಾದು ಹಾಕಿಬಿಡೂಣ್ರಿ” ಎಂದರು, ಹಾಕಿಸಿದೆ. ಮೂರು ವಾರದಲ್ಲಿ ಸದ್ದು ಮರಳಿತು. ಎರಡನೆಯ ಸಲ ಇನ್ನೊಂದು ಬೆಲ್ಟು ಹಾಕಿ, ಸಾಲದೆಂದು ಸಾಬೂನನ್ನೂ ಉಜ್ಜಿ ಕಳಿಸಿದರು. ಅಕ್ಟೋಬರಿನಲ್ಲಿ ಗದಗಿಗೆ ಹೋಗುವಾಗ ಅಣ್ಣಿಗೇರಿ ದಾಟಿದ ಮೇಲೆ ಎಂಜಿನ್ನಿನ ಕಡೆಯಿಂದ ಗರಗರ ಸದ್ದು ಕೇಳಿಸಿತು, ನೋಡನೋಡುತ್ತಿದ್ದಂತೆ ಉಷ್ಣತೆಯ ಮುಳ್ಳು ಮೇಲೇರಿತು. ಬಿಚ್ಚಿ ನೋಡಿದಾಗ ವಾಟರ್ ಪಂಪಿನ ಬೇರಿಂಗ್ (ಅದರ ಅಕ್ಷ ಸಲೀಸಾಗಿ ತಿರುಗಲು ಆಧಾರವಾದ ಭಾಗ) ಸಂಪೂರ್ಣ ಹೋಗಿತ್ತು. ಪಂಪಿನ ಸೀಲು ತಿಂಗಳುಗಳಿಂದ ಸೋರುತ್ತಿದ್ದು, ರಾತ್ರಿ ನಿಂತ ಗಾಡಿಯಲ್ಲಿ ಹನಿಹನಿಯಾಗಿ ಇಳಿದ ಕೂಲಂಟ್ ಬೆಲ್ಟನ್ನು ತೋಯಿಸುತ್ತಿತ್ತು. ಮುಂಜಾನೆ ಅದು ಚೀರಿ, ಎಂಜಿನ್ ಬಿಸಿಯಾಗಿ ತೇವ ಆರಿದೊಡನೆ ಸುಮ್ಮನಾಗುತ್ತಿತ್ತು. ಪಂಪಿನ ಮೈಮೇಲೆ ಒಣಗಿದ ಕೂಲಂಟಿನ ಕಲೆ ಮೊದಲ ದಿನವೇ ಕಾಣುವಂತಿತ್ತು. ಆ ಮಿಸ್ತ್ರಿಯೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಪರೀಕ್ಷೆಯನ್ನು ಕಿವಿಯಿಂದ ಆರಂಭಿಸಬೇಕು. ಎರಡು ಮೂರು ದಿನ ಸದ್ದು ಯಾವ ಹೊತ್ತಿನಲ್ಲಿ, ಯಾವ ಕೆಲಸ ಮಾಡಿದಾಗ ಬರುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡುವುದು ಒಳ್ಳೆಯದು. ಚಾಲೂ ಮಾಡಿದ ಕೂಡಲೇ ಬಂದು ನಿಲ್ಲುವ ದೀರ್ಘವಾದ ಚೀರು, ಹೆಡ್‌ಲೈಟ್ ಹಾಕಿದಾಗ ಅಥವಾ ಥಟ್ಟನೆ ಆಕ್ಸಲರೇಟರ್ ಒತ್ತಿದಾಗ ಹೆಚ್ಚುವ ಚೀರು ಆಲ್ಟರ್ನೇಟರಿನ ಬೆಲ್ಟು ಜಾರುತ್ತಿರುವುದನ್ನು ತೋರಿಸುತ್ತದೆ. ಏಸಿ ಒತ್ತಿದ ಕ್ಷಣ ಬಂದರೆ ಕಂಪ್ರೆಸರಿನ ಬೆಲ್ಟನ್ನೂ, ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿದಾಗ ಬಂದರೆ ಪವರ್ ಸ್ಟೀರಿಂಗ್ ಪಂಪಿನ ಬೆಲ್ಟನ್ನೂ ಸಂಶಯಿಸಬೇಕು. ಇದಕ್ಕಿಂತ ಬೇರೆಯಾದದ್ದು ಗುಬ್ಬಿಯ ದನಿಯಂತೆ ‘ಚಿಂವ್ ಚಿಂವ್’ ಎಂದು ತಾಳಬದ್ಧವಾಗಿ ಬರುವ ಸದ್ದು. ಎಂಜಿನ್ ವೇಗ ಹೆಚ್ಚಿದಂತೆ ಅದರ ತಾಳವೂ ಚುರುಕಾಗುತ್ತದೆ. ಅದು ಹೆಚ್ಚಾಗಿ ಪುಲ್ಲಿಗಳು ಒಂದೇ ಸಾಲಿನಲ್ಲಿ ಇಲ್ಲದಿರುವುದರ ಗುರುತು. ಗರಗರ ಎಂದು ಒರಟಾಗಿ, ಬಿಡದೆ ಕೇಳಿಸುವ ಸದ್ದು ಬೇರಿಂಗಿನದು, ಅದನ್ನು ಒಂದು ದಿನವೂ ಮುಂದೂಡಬಾರದು.

ಬೆಲ್ಟಿನ ಹತ್ತಿರ ಕೈ ಹಾಕುವ ಮೊದಲು ಎಂಜಿನ್ ನಿಲ್ಲಿಸಿ, ಕೀಲಿಯನ್ನು ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳಿ. ಪಾನಾ (ಸ್ಪ್ಯಾನರ್) ಹಿಡಿದು ಕೆಲಸ ಮಾಡುವುದಿದ್ದರೆ ಬ್ಯಾಟರಿಯ ಮೈನಸ್ ಟರ್ಮಿನಲನ್ನು ಬಿಚ್ಚಿಡಿ. ಆಲ್ಟರ್ನೇಟರಿನ ಹಿಂಬದಿಯ ದಪ್ಪ ತಂತಿಯಲ್ಲಿ ಸದಾ ವಿದ್ಯುತ್ ಇರುತ್ತದೆ, ಪಾನಾ ತಾಗಿದರೆ ಕಿಡಿ ಹಾರುತ್ತದೆ. ಕೆಲವು ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ರೇಡಿಯೇಟರಿನ ಫ್ಯಾನು ತಾನಾಗಿ ತಿರುಗಬಲ್ಲದು. ಎಂಜಿನ್ ಚಾಲೂ ಇರುವಾಗ ನೋಡುವುದಾದರೆ ಧೋತರದ ಸೆರಗು, ದುಪಟ್ಟಾ, ಉದ್ದ ತೋಳಿನ ಅಂಗಿ, ಸಡಿಲ ಜಡೆ, ಬಳೆ, ಗಡಿಯಾರ ಯಾವುದೂ ಬಾನೆಟ್ಟಿನ ಒಳಗೆ ಬಾಗಬಾರದು. ಮಕ್ಕಳನ್ನು ಹತ್ತಿರ ಬಿಡಬಾರದು. ಬೆಲ್ಟು ಬೆರಳನ್ನು ಪುಲ್ಲಿಯೊಳಗೆ ಎಳೆದುಕೊಳ್ಳಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಕಾಗುವುದಿಲ್ಲ.

ಅನಂತರ ನೀರಿನ ಪರೀಕ್ಷೆ. ಬಟ್ಟೆ ಇಸ್ತ್ರಿ ಮಾಡುವಾಗ ಬಳಸುವಂತಹ ಸ್ಪ್ರೇ ಬಾಟಲಿಯಲ್ಲಿ ಶುದ್ಧ ನೀರು ತುಂಬಿ, ಎಂಜಿನ್ ಚಾಲೂ ಇದ್ದು ಸದ್ದು ಬರುತ್ತಿರುವಾಗ, ಕೈಯನ್ನು ದೂರದಲ್ಲಿಟ್ಟುಕೊಂಡು ಬೆಲ್ಟಿನ ಒಳಮೈಗೆ ಸ್ವಲ್ಪ ಸಿಂಪಡಿಸಿ. ಸದ್ದು ಕೂಡಲೇ ಜೋರಾದರೆ ಬೆಲ್ಟಿಗೆ ಬಿಗಿ ಸಾಲದು, ಅದು ಜಾರುತ್ತಿದೆ. ಸದ್ದು ಕೆಲವು ಕ್ಷಣ ಪೂರ್ತಿ ನಿಂತು, ನೀರು ಆರಿದಂತೆ ಮರಳಿದರೆ ಪುಲ್ಲಿಗಳ ಸಾಲು ತಪ್ಪಿರುವ ಸಂಭವವೇ ಹೆಚ್ಚು. ನೀರಿನಿಂದ ಏನೂ ಬದಲಾಗದಿದ್ದರೆ ಬೆಲ್ಟನ್ನು ಬಿಟ್ಟು ಬೇರಿಂಗುಗಳ ಕಡೆ ತಿರುಗಬೇಕು. ಈ ಪರೀಕ್ಷೆ ಏಣಿನ ಬೆಲ್ಟಿನಲ್ಲಿ ಸ್ಪಷ್ಟವಾದ ಉತ್ತರ ಕೊಡುತ್ತದೆ. ‘ವಿ’ ಬೆಲ್ಟಿನಲ್ಲಿ ಅದನ್ನು ಸುಳಿವು ಎಂದಷ್ಟೇ ತಿಳಿಯಬೇಕು.

ಈಗ ಎಂಜಿನ್ ನಿಲ್ಲಿಸಿ, ತಣ್ಣಗಾಗಲು ಬಿಟ್ಟು, ಟಾರ್ಚು ಹಿಡಿದು ಬೆಲ್ಟನ್ನು ಇಂಚಿಂಚಾಗಿ ನೋಡಿ. ಎರಡು ಪುಲ್ಲಿಗಳ ನಡುವೆ ಅದನ್ನು ಬೆರಳಿನಿಂದ ಸ್ವಲ್ಪ ತಿರುಚಿದರೆ ಒಳಮೈ ಮತ್ತು ಪಕ್ಕಗಳು ಕಾಣುತ್ತವೆ. ಪಕ್ಕಗಳು ಗಾಜಿನಂತೆ ಹೊಳೆಯುತ್ತಿದ್ದರೆ ಬೆಲ್ಟು ಬಹಳ ಕಾಲದಿಂದ ಜಾರಿ, ಕಾವಿಗೆ ಗಟ್ಟಿಯಾಗಿದೆ. ಅದನ್ನು ಬಿಗಿ ಮಾಡಿದರೂ ಹಿಡಿತ ಮರಳುವುದಿಲ್ಲ. ಅಡ್ಡ ಬಿರುಕು, ಅಂಚಿನಲ್ಲಿ ನೂಲು ಬಿಚ್ಚಿರುವುದು, ಏಣಿನ ತುಂಡು ಹಾರಿಹೋಗಿರುವುದು, ಎಣ್ಣೆಯಿಂದ ಉಬ್ಬಿರುವುದು ಕಂಡರೆ ಬೆಲ್ಟು ಬದಲಿಸಲೇಬೇಕು. ಆದರೆ ಬಿರುಕಿಲ್ಲ ಎಂದ ಮಾತ್ರಕ್ಕೆ ಏಣಿನ ಬೆಲ್ಟು ಚೆನ್ನಾಗಿದೆ ಎಂದು ತಿಳಿಯಬಾರದು. ಹಿಂದಿನ ನಿಯೋಪ್ರೀನ್ ರಬ್ಬರು ಹಳತಾದಂತೆ ಬಿರಿಯುತ್ತಿತ್ತು. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಇಪಿಡಿಎಂ ರಬ್ಬರು ಬಿರಿಯದೆಯೇ ಟೈರಿನಂತೆ ಸವೆಯುತ್ತದೆ, ಏಣುಗಳ ನಡುವಿನ ತೋಡು ಅಗಲವಾಗಿ ಪುಲ್ಲಿಯ ಮೇಲೆ ಸಡಿಲವಾಗಿ ಕೂರುತ್ತದೆ. ಹೊಸ ಬೆಲ್ಟನ್ನು ಅದರ ಪಕ್ಕ ಹಿಡಿದು ಹೋಲಿಸಿದರೆ ಈ ಸವೆತ ತಿಳಿಯುತ್ತದೆ.

ಪುಲ್ಲಿಗಳನ್ನು ನೋಡುವುದನ್ನು ಹಲವರು ಬಿಟ್ಟುಬಿಡುತ್ತಾರೆ. ‘ವಿ’ ಬೆಲ್ಟಿನ ಪುಲ್ಲಿಯಲ್ಲಿ ತೋಡಿನ ಪಕ್ಕಗಳು ನುಣುಪಾಗಿ, ತಳವು ಮಸುಕಾಗಿ ಅಥವಾ ತುಸು ತುಕ್ಕು ಹಿಡಿದಂತೆ ಇರಬೇಕು. ತಳವೇ ಹೊಳೆಯುತ್ತಿದ್ದರೆ ಬೆಲ್ಟು ಅಥವಾ ಪುಲ್ಲಿ ಸವೆದು, ಬೆಲ್ಟು ತಳಕ್ಕೆ ಕೂತಿದೆ ಎಂದರ್ಥ. ಹೊಸ ಬೆಲ್ಟು ಹಾಕಿದ ಮೇಲೂ ತಳ ತಾಗುತ್ತಿದ್ದರೆ ಪುಲ್ಲಿಯನ್ನೇ ಬದಲಿಸಬೇಕು.

ನಮ್ಮ ನೆಲದ ಗುಣವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ಹುಬ್ಬಳ್ಳಿಯಿಂದ ಗದಗಿನ ಕಡೆ, ನವಲಗುಂದದ ಕಡೆ ಹೋದರೆ ರಸ್ತೆಯ ಎರಡೂ ಬದಿ ಎರೆಭೂಮಿ. ಮಳೆಯಾದ ಮೇಲೆ ಹೊಲದಿಂದ ಬಂದ ಟ್ರ್ಯಾಕ್ಟರಿನ ಗಾಲಿಗಳು ಆ ಮಣ್ಣನ್ನು ಡಾಂಬರಿನ ಮೇಲೆ ಚೆಲ್ಲುತ್ತವೆ. ತೋಯ್ದ ಎರೆಮಣ್ಣು ಗ್ರೀಸಿನಂತೆ ಜಾರುತ್ತದೆ, ಒಣಗಿದಾಗ ಹಿಟ್ಟಿನಷ್ಟು ನುಣುಪಾದ ಧೂಳಾಗಿ ಪುಲ್ಲಿಯ ತೋಡುಗಳಲ್ಲಿ ಗಟ್ಟಿಯಾಗಿ ಕೂರುತ್ತದೆ. ಇದು ಬೆಲ್ಟಿನವರೆಗೆ ತಲುಪಬಾರದೆಂದೇ ಮುಂದಿನ ಗಾಲಿ ಮತ್ತು ಕ್ರ್ಯಾಂಕ್ ಪುಲ್ಲಿಯ ನಡುವೆ ಬಹಳಷ್ಟು ಕಾರುಗಳಲ್ಲಿ ಪ್ಲಾಸ್ಟಿಕ್ ಅಥವಾ ರಬ್ಬರಿನ ಮಣ್ಣುತಡೆಯೊಂದನ್ನು ಅಳವಡಿಸಿರುತ್ತಾರೆ. ಹಳೆಯ ಕಾರುಗಳಲ್ಲಿ ಅದು ಹರಿದುಹೋಗಿರುತ್ತದೆ, ಇಲ್ಲವೇ ಯಾವುದೋ ರಿಪೇರಿಯ ಸಮಯದಲ್ಲಿ ಬಿಚ್ಚಿದ್ದನ್ನು ಮರಳಿ ಹಾಕಿರುವುದಿಲ್ಲ. ಸ್ಟೀರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ, ಗಾಲಿಯ ಕಮಾನಿನ ಒಳಗೆ ಟಾರ್ಚು ಬಿಟ್ಟು ನೋಡಿ: ಕ್ರ್ಯಾಂಕ್ ಪುಲ್ಲಿ ನೇರವಾಗಿ ಕಾಣಿಸುತ್ತಿದ್ದರೆ ಆ ತಡೆ ಇಲ್ಲ ಎಂದೇ ತಿಳಿಯಬಹುದು. ಅದನ್ನು ಹುಡುಕಿ ಹಾಕಿಸದೆ ಎಷ್ಟು ಬೆಲ್ಟು ಬದಲಿಸಿದರೂ ಮಳೆ ಬಂದಾಗ ಸದ್ದು ಬಂದೇ ಬರುತ್ತದೆ. ಮಳೆಯ ದಿನ ಮಾತ್ರ ಚೀರುವ ಗಾಡಿಯಲ್ಲಿ ನಾನು ಮೊದಲು ನೋಡುವುದು ಈ ಜಾಗವನ್ನೇ.

ತೋಡುಗಳಲ್ಲಿ ಕೂತ ಮಣ್ಣನ್ನು ಬಿದಿರಿನ ಚೂರು ಅಥವಾ ಹಳೆಯ ಟೂತ್‌ಬ್ರಷ್ಷಿನಿಂದ ಕೆರೆದು, ತುಸು ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬಳಿಕ ಬರಿ ನೀರಿನ ಬಟ್ಟೆಯಿಂದ ಸಾಬೂನಿನ ಅಂಶ ಉಳಿಯದಂತೆ ಒರೆಸಿ ಪೂರ್ತಿ ಒಣಗಿಸಿ. ತುಕ್ಕು ಇದ್ದರೆ ನಯವಾದ ಮರಳು ಕಾಗದ ಸಾಕು. ಸೀಮೆಎಣ್ಣೆ, ಡೀಸೆಲ್ ಮತ್ತು ಪೆಟ್ರೋಲನ್ನು ಬೆಲ್ಟಿನ ಹತ್ತಿರ ತರಬೇಡಿ. ಗ್ಯಾರೇಜುಗಳಲ್ಲಿ ಎಲ್ಲವನ್ನೂ ಡೀಸೆಲ್ಲಿನಿಂದ ತೊಳೆಯುವ ಅಭ್ಯಾಸ ರಬ್ಬರಿಗೆ ಬಹಳ ಕೆಟ್ಟದ್ದು.

ಬೆಲ್ಟಿನ ಮೇಲೆ ಎಣ್ಣೆ ಅಥವಾ ಕೂಲಂಟಿನ ಗುರುತು ಇದ್ದರೆ ಅದು ಎಲ್ಲಿಂದ ಬಂತೆಂದು ಪತ್ತೆಹಚ್ಚುವವರೆಗೆ ಹೊಸ ಬೆಲ್ಟು ಹಾಕಬೇಡಿ. ಮೇಲಿನ ಟ್ಯಾಪೆಟ್ ಕವರಿನ ಪ್ಯಾಕಿಂಗು, ಕ್ರ್ಯಾಂಕ್ ಪುಲ್ಲಿಯ ಹಿಂದಿನ ಆಯಿಲ್ ಸೀಲು, ಪವರ್ ಸ್ಟೀರಿಂಗಿನ ಪೈಪು, ರೇಡಿಯೇಟರ್ ಹೋಸ್‌ಪೈಪಿನ ಕ್ಲಿಪ್ಪು ಇವೆಲ್ಲ ಸೋರುವ ಜಾಗಗಳು. ವಾಟರ್ ಪಂಪಿನ ಕೆಳಭಾಗದಲ್ಲಿ ಚಿಕ್ಕ ರಂಧ್ರವೊಂದಿರುತ್ತದೆ. ಒಳಗಿನ ಸೀಲು ಕೆಟ್ಟರೆ ತಿಳಿಯಲೆಂದೇ ಅದನ್ನು ಇಟ್ಟಿದ್ದಾರೆ. ಆ ರಂಧ್ರದ ಸುತ್ತ ಹಸಿರು, ಕೆಂಪು ಅಥವಾ ಬಿಳಿಯ ಕಲೆ ಕಂಡರೆ ಪಂಪನ್ನು ಬದಲಿಸುವ ಕಾಲ ಬಂದಿದೆ. ಗಾಡಿ ರಾತ್ರಿ ನಿಲ್ಲುವ ಜಾಗದಲ್ಲಿ ದಪ್ಪ ರಟ್ಟನ್ನು ಹಾಸಿಟ್ಟು ಮುಂಜಾನೆ ನೋಡಿದರೆ ಹನಿ ಬಿದ್ದ ಸ್ಥಳವೇ ದಾರಿ ತೋರಿಸುತ್ತದೆ.

ಸೋರಿಕೆ ಇಲ್ಲ, ಬೆಲ್ಟೂ ಚೆನ್ನಾಗಿದೆ ಎಂದಾದರೆ ಬಿಗಿಯನ್ನು ಅಳೆಯಬೇಕು. ಎರಡು ಪುಲ್ಲಿಗಳ ನಡುವಿನ ಅತಿ ಉದ್ದದ ಭಾಗದ ಮಧ್ಯದಲ್ಲಿ ಹೆಬ್ಬೆರಳಿನಿಂದ ಸುಮಾರು 10 ಕಿಲೋ ಒತ್ತಡ ಹಾಕಿದಾಗ ಬೆಲ್ಟು ಎಷ್ಟು ತಗ್ಗುತ್ತದೆ ಎಂಬುದೇ ಅಳತೆ. ಚಿಕ್ಕ ಎಂಜಿನ್ನುಗಳ ಬಳಸಿದ ‘ವಿ’ ಬೆಲ್ಟಿಗೆ ಅದು ಸಾಮಾನ್ಯವಾಗಿ 6ರಿಂದ 10 ಮಿಲಿಮೀಟರ್ ಆಸುಪಾಸು ಇರುತ್ತದೆ. ನಿಮ್ಮ ಕಾರಿನ ಕೈಪಿಡಿಯಲ್ಲಿ ಕೊಟ್ಟ ಅಂಕಿಯೇ ಅಂತಿಮ. ಹತ್ತು ಕಿಲೋ ಒತ್ತಡ ಎಷ್ಟೆಂದು ಕೈಗೆ ಗೊತ್ತಾಗಲು, ಮನೆಯಲ್ಲಿ ತೂಕ ನೋಡುವ ಯಂತ್ರದ ಮೇಲೆ ಹೆಬ್ಬೆರಳನ್ನು ಒತ್ತಿ ಮುಳ್ಳು ಹತ್ತಕ್ಕೆ ಬರುವುದನ್ನು ನಾಲ್ಕೈದು ಸಲ ಅಭ್ಯಾಸ ಮಾಡಿ. ಪುಲ್ಲಿಯಿಂದ ಪುಲ್ಲಿಗೆ ಬೆಲ್ಟಿನ ಮೇಲೆ ನೇರವಾದ ಕೋಲನ್ನಿಟ್ಟು, ತಗ್ಗಿದ ಅಂತರವನ್ನು ಸ್ಕೇಲಿನಿಂದ ಅಳೆದರೆ ಅಂದಾಜಿನ ತಪ್ಪು ಉಳಿಯುವುದಿಲ್ಲ.

ಬಿಗಿ ಮಾಡುವ ಕೆಲಸ ಕಷ್ಟದ್ದಲ್ಲ. ಆಲ್ಟರ್ನೇಟರ್ ಒಂದು ಬದಿಯಲ್ಲಿ ಉದ್ದನೆಯ ಬೋಲ್ಟಿನ ಮೇಲೆ ತೂಗಿಕೊಂಡಿರುತ್ತದೆ. ಇನ್ನೊಂದು ಬದಿಯಲ್ಲಿ ಬಾಗಿದ, ಉದ್ದ ಸೀಳುಳ್ಳ ಲೋಹದ ಪಟ್ಟಿಗೆ ಬೋಲ್ಟಿನಿಂದ ಬಿಗಿಯಲ್ಪಟ್ಟಿರುತ್ತದೆ. ಸಾಮಾನ್ಯವಾಗಿ 12 ಮತ್ತು 14ರ ಪಾನಾ ಸಾಕಾಗುತ್ತವೆ. ಎರಡೂ ಬೋಲ್ಟುಗಳನ್ನು ತುಸು ಸಡಿಲಿಸಿ, ಗಟ್ಟಿಯಾದ ಕಟ್ಟಿಗೆಯ ಹಿಡಿಕೆಯೊಂದನ್ನು ಎಂಜಿನ್ ಬ್ಲಾಕಿಗೂ ಆಲ್ಟರ್ನೇಟರಿನ ಪುಲ್ಲಿಯ ಬದಿಯ ದಪ್ಪ ಕವಚಕ್ಕೂ ನಡುವೆ ಇಟ್ಟು ನಿಧಾನವಾಗಿ ಮೀಟಿ. ಹಿಂಬದಿಯ ತೆಳು ಕವಚಕ್ಕೆ ಅಥವಾ ಗಾಳಿ ಆಡುವ ಸೀಳುಗಳಿಗೆ ಟಾಮಿ (ಕಬ್ಬಿಣದ ಸರಳು) ಹಾಕಿ ಮೀಟಿದರೆ ಅಲ್ಯೂಮಿನಿಯಂ ಒಡೆಯುತ್ತದೆ. ಬೆಲ್ಟು ಸರಿಯಾದ ಬಿಗಿಗೆ ಬಂದಾಗ ಮೀಟುಗೋಲನ್ನು ಹಿಡಿದುಕೊಂಡೇ ಮೊದಲು ಪಟ್ಟಿಯ ಬೋಲ್ಟನ್ನು, ಅನಂತರ ಉದ್ದನೆಯ ಬೋಲ್ಟನ್ನು ಬಿಗಿಮಾಡಿ, ಮತ್ತೊಮ್ಮೆ ಅಳೆಯಿರಿ. ಬೋಲ್ಟು ಬಿಗಿಯುವಾಗ ಆಲ್ಟರ್ನೇಟರ್ ಸ್ವಲ್ಪ ಸರಿಯುವುದುಂಟು. ಕೆಲವು ಗಾಡಿಗಳಲ್ಲಿ ಮೀಟುವ ಬದಲು ತಿರುಗಿಸಿ ಬಿಗಿಸುವ ಉದ್ದ ಸ್ಕ್ರೂ ಇರುತ್ತದೆ. ಬೆಲ್ಟನ್ನು ತಾನಾಗಿಯೇ ಬಿಗಿಯಾಗಿ ಇಡುವ ಸ್ಪ್ರಿಂಗಿನ ಟೆನ್ಷನರ್ ಇರುವ ಗಾಡಿಯಲ್ಲಿ ಕೈಯಿಂದ ಹೊಂದಿಸುವುದೇನೂ ಇಲ್ಲ. ಸ್ಪ್ರಿಂಗು ಸೋತಿದ್ದರೆ ಟೆನ್ಷನರನ್ನೇ ಬದಲಿಸಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಸದ್ದು ನಿಲ್ಲುವವರೆಗೂ ಬಿಗಿ ಮಾಡುತ್ತ ಹೋಗುವುದು ಸರಿಯಾದ ಕ್ರಮವಲ್ಲ. ಅತಿಯಾಗಿ ಬಿಗಿದ ಬೆಲ್ಟು ಸುಮ್ಮನಿರುತ್ತದೆ, ಆದರೆ ಅದು ಹಗಲಿರುಳು ಪಂಪಿನ ಮತ್ತು ಆಲ್ಟರ್ನೇಟರಿನ ಬೇರಿಂಗುಗಳನ್ನು ಒಂದೇ ಬದಿಗೆ ಜಗ್ಗುತ್ತಿರುತ್ತದೆ, ಮತ್ತು ಆ ಬೇರಿಂಗುಗಳು ಬೆಲ್ಟಿಗಿಂತ ಹಲವು ಪಟ್ಟು ದುಬಾರಿ. ಅಳತೆಗೆ ಸರಿಯಾಗಿ ಬಿಗಿದ ಮೇಲೂ ಸದ್ದು ಬಂದರೆ ಕಾರಣ ಬೇರೆ ಕಡೆ ಇದೆ.

ಬೇರಿಂಗಿನ ಪರೀಕ್ಷೆಗೆ ಬೆಲ್ಟನ್ನು ತೆಗೆಯಬೇಕು. ತೆಗೆದ ಮೇಲೆ ಪ್ರತಿಯೊಂದು ಪುಲ್ಲಿಯನ್ನೂ ಕೈಯಿಂದ ತಿರುಗಿಸಿ: ಅದು ನಯವಾಗಿ, ಒಂದೇ ಸಮನೆ ತಿರುಗಬೇಕು. ಕಣ್ಣು ಮುಚ್ಚಿ ತಿರುಗಿಸಿದರೆ ಬೆರಳಿಗೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮರಳು ಸಿಕ್ಕಂತೆ ಗರಗರ ಎನಿಸಿದರೆ, ಮೇಲೆ ಕೆಳಗೆ ಅಲ್ಲಾಡಿಸಿದಾಗ ಆಟವಾಡಿದರೆ, ಒಂದು ಕಡೆ ಹಿಡಿದಂತಾದರೆ ಆ ಬೇರಿಂಗು ಹೋಗಿದೆ. ಹಿಡಿಯುತ್ತಿರುವ ಬೇರಿಂಗು ಪುಲ್ಲಿಯನ್ನು ಸಲೀಸಾಗಿ ತಿರುಗಗೊಡದೆ ಚೆನ್ನಾಗಿರುವ ಬೆಲ್ಟನ್ನೂ ಚೀರಿಸಬಲ್ಲದು. ಬೇಕಾದರೆ ಬೆಲ್ಟಿಲ್ಲದೆಯೇ ತಣ್ಣಗಿನ ಎಂಜಿನ್ನನ್ನು ಇಪ್ಪತ್ತು ಸೆಕೆಂಡು ಚಾಲೂ ಮಾಡಿ ನೋಡಬಹುದು. ಅದಕ್ಕಾಗಿ ಬಿಚ್ಚಿದ ಟರ್ಮಿನಲನ್ನು ಮರಳಿ ಹಾಕಿ, ಪಾನಾಗಳನ್ನೆಲ್ಲ ಹೊರಗೆ ತೆಗೆದಿಡಬೇಕು. ಸದ್ದು ಇಲ್ಲವಾದರೆ ದೋಷ ಬೆಲ್ಟು ತಿರುಗಿಸುವ ಭಾಗಗಳಲ್ಲಿದೆ, ಇದ್ದರೆ ಎಂಜಿನ್ನಿನ ಒಳಗಿದೆ. ವಾಟರ್ ಪಂಪು ನಿಂತಿರುವುದರಿಂದ ಇದಕ್ಕಿಂತ ಹೆಚ್ಚು ಹೊತ್ತು ಓಡಿಸಬಾರದು.

ಪುಲ್ಲಿಗಳ ಸಾಲನ್ನು ನೋಡಲು ಉದ್ದನೆಯ ಸ್ಟೀಲಿನ ಸ್ಕೇಲು ಅಥವಾ ಗೌಂಡಿಗಳು ಗೋಡೆಗೆ ಹಿಡಿಯುವಂತಹ ಬಿಗಿ ದಾರ ಸಾಕು. ಮೂರೂ ಪುಲ್ಲಿಗಳ ತೋಡುಗಳು ಒಂದೇ ಸಮತಲದಲ್ಲಿ ಇವೆಯೇ, ಯಾವುದಾದರೂ ಓರೆಯಾಗಿದೆಯೇ ನೋಡಿ. ಹಳೆಯ ಗಾಡಿಯಲ್ಲಿ ಇದು ತಪ್ಪುವುದಕ್ಕೆ ಸಾಮಾನ್ಯ ಕಾರಣ ಆಲ್ಟರ್ನೇಟರ್ ತೂಗುವ ಬೋಲ್ಟಿನ ರಂಧ್ರ ಸವೆದು ದೊಡ್ಡದಾಗಿರುವುದು, ಅಥವಾ ಹಿಂದಿನ ರಿಪೇರಿಯಲ್ಲಿ ಒಂದು ವಾಷರು ಎಲ್ಲೋ ಬಿದ್ದುಹೋಗಿರುವುದು. ಬೇರೆ ಮಾದರಿಯ ಗಾಡಿಯಿಂದ ತಂದು ಹಾಕಿದ ಹಳೆಯ ಆಲ್ಟರ್ನೇಟರಿನಲ್ಲಿ ಪುಲ್ಲಿಯೇ ತುಸು ಮುಂದೆ ಅಥವಾ ಹಿಂದೆ ಕೂತಿರಬಹುದು. ತಕ್ಕ ದಪ್ಪದ ವಾಷರಿನಿಂದ ಸರಿಹೋಗುವ ಕೆಲಸ ಇದು, ಆದರೆ ತಾಳ್ಮೆ ಬೇಕು.

ವಿದ್ಯುತ್ತಿನ ಹೊರೆಯನ್ನು ಮರೆಯಬಾರದು. ಬ್ಯಾಟರಿ ದುರ್ಬಲವಾಗಿದ್ದರೆ ಚಾಲೂ ಆದ ಕೂಡಲೇ ಅದನ್ನು ತುಂಬಿಸಲು ಆಲ್ಟರ್ನೇಟರ್ ಹೆಚ್ಚು ಕರೆಂಟು ಕೊಡಬೇಕಾಗುತ್ತದೆ, ಹಾಗೆ ಕೊಡುವಾಗ ಅದನ್ನು ತಿರುಗಿಸುವುದು ಭಾರವಾಗುತ್ತದೆ, ಬೆಲ್ಟು ಜಾರುತ್ತದೆ. ಮಲ್ಟಿಮೀಟರಿನಿಂದ ನೋಡಿದರೆ, ಕೆಲವು ಗಂಟೆ ನಿಂತ ಗಾಡಿಯ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು. ಹೆದ್ದಾರಿಯ ರಾತ್ರಿ ಪ್ರಯಾಣಕ್ಕೆಂದು ಕಂಪನಿಯ 60/55 ವ್ಯಾಟಿನ ಬಲ್ಬುಗಳ ಬದಲು 100 ವ್ಯಾಟಿನವು ಹಾಕಿಸಿಕೊಂಡವರು ಬಹಳ. ಎರಡು ಬಲ್ಬುಗಳಿಗೆ 200 ವ್ಯಾಟ್ ಎಂದರೆ 14 ಆಂಪಿಯರಿಗೂ ಮಿಕ್ಕಿದ ಹೊರೆ, ಮೂಲ ವಿನ್ಯಾಸದಲ್ಲಿ ಅದು 8ರ ಸುತ್ತಮುತ್ತ ಇತ್ತು. ದೀಪ ಹಾಕಿದಾಗಲೇ ಬೆಲ್ಟು ಚೀರುವ ಗಾಡಿಯಲ್ಲಿ ಬಲ್ಬನ್ನೂ ಬಿಚ್ಚಿ ನೋಡುವುದು ಯೋಗ್ಯ.

ಕಾರಣ ಸರಿಪಡಿಸಿದ ಮೇಲೆ ಹೊಸ ಬೆಲ್ಟು ಬೇಕೆನಿಸಿದರೆ, ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಅದರ ಬೆನ್ನ ಮೇಲೆ ಅಳತೆ ಮುದ್ರಿತವಾಗಿರುತ್ತದೆ. ಉದಾಹರಣೆಗೆ ‘4ಪಿಕೆ 850’ ಎಂದಿದ್ದರೆ ನಾಲ್ಕು ಏಣು, 850 ಮಿಲಿಮೀಟರ್ ಉದ್ದ. ಪಿಕೆ ಎಂಬುದು ಏಣಿನಿಂದ ಏಣಿಗೆ 3.56 ಮಿಲಿಮೀಟರ್ ಅಂತರವಿರುವ ಬಗೆಯನ್ನು ಸೂಚಿಸುತ್ತದೆ. ‘ವಿ’ ಬೆಲ್ಟಿನಲ್ಲಿ ಮೇಲ್ಭಾಗದ ಅಗಲ ಮತ್ತು ಉದ್ದ ಎರಡೂ ಹೊಂದಬೇಕು. ಅಗಲ ಕಡಿಮೆಯಾದರೆ ತೋಡಿನ ತಳಕ್ಕೆ ಕೂರುತ್ತದೆ. “ಇದು ನಡೀತೈತ್ರಿ, ಸ್ವಲ್ಪ ಉದ್ದ ಐತಿ ಅಷ್ಟ” ಎಂದು ಕೊಟ್ಟದ್ದನ್ನು ತರಬೇಡಿ. ಹಾಕುವಾಗ ಆಲ್ಟರ್ನೇಟರನ್ನು ಪೂರ್ತಿ ಒಳಕ್ಕೆ ಸರಿಸಿ, ಬೆಲ್ಟನ್ನು ಕೈಯಿಂದಲೇ ಕೂರಿಸಿ. ಸ್ಕ್ರೂಡ್ರೈವರಿನಿಂದ ಪುಲ್ಲಿಯ ಅಂಚಿನ ಮೇಲೆ ಒತ್ತಿ ಹತ್ತಿಸಿದರೆ ಒಳಗಿನ ನೂಲುಗಳು ತುಂಡಾಗುತ್ತವೆ, ಹೊರಗೆ ಏನೂ ಕಾಣುವುದಿಲ್ಲ. ಏಣಿನ ಬೆಲ್ಟಾದರೆ ಪ್ರತಿಯೊಂದು ಏಣೂ ತನ್ನ ತೋಡಿನಲ್ಲಿ ಕೂತಿದೆಯೇ ಎಂದು ಎಲ್ಲ ಪುಲ್ಲಿಗಳಲ್ಲಿ ಬೆರಳಾಡಿಸಿ ನೋಡಿ. ಒಂದು ಏಣು ಹೊರಗೆ ಉಳಿದರೆ ಮೊದಲ ದಿನವೇ ಹರಿಯುತ್ತದೆ.

ಹೊಸ ಬೆಲ್ಟನ್ನು ಹಳೆಯದಕ್ಕಿಂತ ಕೊಂಚ ಹೆಚ್ಚು ಬಿಗಿಯಲ್ಲಿ ಇಡುತ್ತಾರೆ, ಏಕೆಂದರೆ ಮೊದಲ ಓಟದಲ್ಲಿ ಅದು ತೋಡಿನೊಳಗೆ ಕೂತು ಸಡಿಲಗೊಳ್ಳುತ್ತದೆ. ಹತ್ತು ಹದಿನೈದು ನಿಮಿಷ ಎಂಜಿನ್ ಓಡಿಸಿ, ನಿಲ್ಲಿಸಿ, ತಣ್ಣಗಾದ ಮೇಲೆ ಮತ್ತೆ ಅಳೆಯಿರಿ. ಹುಬ್ಬಳ್ಳಿ ಧಾರವಾಡದ ನಡುವೆ ನಿತ್ಯ ಓಡಾಡುವವರು ಒಂದು ವಾರದ ಬಳಿಕ ಇನ್ನೊಮ್ಮೆ ನೋಡಬೇಕು. ಎರಡು ಬಾರಿ ಹೀಗೆ ಹೊಂದಿಸಿದ ಬೆಲ್ಟು ಅನಂತರ ಬಹುಕಾಲ ತೊಂದರೆ ಕೊಡುವುದಿಲ್ಲ. ಮೊದಲ ಮರುಪರಿಶೀಲನೆಯನ್ನು ಬಿಡುವುದರಿಂದಲೇ ಒಳ್ಳೆಯ ಹೊಸ ಬೆಲ್ಟೂ ಜಾರಿ, ಪಕ್ಕಗಳು ಹೊಳಪುಗಟ್ಟಿ, ತಿಂಗಳಲ್ಲಿ ಮತ್ತೆ ಚೀರತೊಡಗುತ್ತದೆ.

ದಾರಿಯಲ್ಲಿ ಬೆಲ್ಟು ಹರಿದರೆ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಚಿತ್ರವುಳ್ಳ ಕೆಂಪು ದೀಪ ಹತ್ತುತ್ತದೆ. ವಾಟರ್ ಪಂಪು ಅದೇ ಬೆಲ್ಟಿನ ಮೇಲಿರುವ ಗಾಡಿಯಲ್ಲಿ ಇನ್ನೆರಡು ಕಿಲೋಮೀಟರ್ ಹೋಗೋಣ ಎಂಬ ಆಸೆ ಬೇಡ. ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಬೇಕು, ಬಿಸಿಯಾಗಿರುವಾಗ ರೇಡಿಯೇಟರಿನ ಮುಚ್ಚಳ ತೆಗೆಯಬಾರದು. ಅಣ್ಣಿಗೇರಿಯ ಆ ದಿನದಿಂದ ನನ್ನ ಗಾಡಿಯ ಡಿಕ್ಕಿಯಲ್ಲಿ ಸರಿಯಾದ ಅಳತೆಯ ಒಂದು ಬೆಲ್ಟು, 12 ಮತ್ತು 14ರ ಪಾನಾ, ಒಂದು ಕಟ್ಟಿಗೆಯ ಹಿಡಿಕೆ ಮತ್ತು ಟಾರ್ಚು ಒಂದೇ ಚೀಲದಲ್ಲಿ ಇರುತ್ತವೆ. ಆ ಬೆಲ್ಟನ್ನು ಬಿಸಿಲು ಮತ್ತು ಎಣ್ಣೆ ತಾಗದಂತೆ, ಮಡಿಕೆ ಬೀಳದ ಹಾಗೆ ಸಡಿಲವಾಗಿ ಸುತ್ತಿ ಇಡಬೇಕು.